ಸೀಟಿ ಕಡಿಮೆ, ಮಾತು ಜಾಸ್ತಿ: ರಗ್ಬಿ ರೆಫ್ರಿಯಾಗಿ ನನ್ನ ಅನುಭವ

ಕಬಡ್ಡಿ ಹುಡುಗರನ್ನು ರಗ್ಬಿಗೆ ಇಳಿಸಿದವರಿಗೆ ಈ ತಲೆನೋವು ಗೊತ್ತೇ ಇರುತ್ತದೆ. ಟ್ಯಾಕಲ್ ಭರ್ಜರಿ, ಆದರೆ ಹಿಡಿದವನನ್ನು ಬಿಡುವುದಿಲ್ಲ! ರೈಡರ್ ಉಸಿರು ಬಿಡುವವರೆಗೂ ಕಾಲು ಅಪ್ಪಿಕೊಂಡೇ ಬೆಳೆದವರು. ರಗ್ಬಿಯ 14ನೇ ನಿಯಮ ಹೇಳುವುದು ಉಲ್ಟಾ. ಕೆಡವಿದವನು ಕೂಡಲೇ ಕೈ ಬಿಟ್ಟು ಪಕ್ಕಕ್ಕೆ ಸರಿಯಬೇಕು.

ಕಲಬುರಗಿ ಸುತ್ತಿನ ಸೆವೆನ್ಸ್ (ತಂಡಕ್ಕೆ ಏಳು ಜನರ ರಗ್ಬಿ) ಪಂದ್ಯಗಳಲ್ಲಿ ಇದಕ್ಕೆಲ್ಲ ಸೀಟಿ ಹೊಡೆದರೆ 7 ನಿಮಿಷದ ಅರ್ಧದಲ್ಲಿ ಮೂರು ನಿಮಿಷ ಆಟ ನಡೆದರೆ ಹೆಚ್ಚು. ಉಳಿದದ್ದು ಪೆನಾಲ್ಟಿ, ವಾದ, ಆಟಗಾರನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವ ಹಳದಿ ಕಾರ್ಡ್. ಒಮ್ಮೆ ಒಂದು ತಂಡದಲ್ಲಿ ನಾಲ್ಕೇ ಜನ ಉಳಿದಿದ್ದರು. ನೋಡಲು ಬಂದವರು ಎದ್ದು ಚಹಾ ಅಂಗಡಿಗೆ ಹೋದರು.

ಆಮೇಲೆ ನಾನು ಒಂದೇ ಪ್ರಶ್ನೆ ಇಟ್ಟುಕೊಂಡೆ. ಇವನು ಮಾಡಿದ್ದರಿಂದ ಚೆಂಡು ಹೊರಬರುವುದು ತಡವಾಯಿತಾ? ಕೆಡವಿ ತಾನೂ ಬಿದ್ದವನು ಪಾಸ್ ಹೋಗದ ಕಡೆ ಸುಮ್ನೆ ಮಲಗಿದ್ದರೆ ಮಲಗಿರಲಿ. ಪಾಸ್ ಮಾಡುವವನ ಕಾಲ ಬಳಿಯೇ ಬಿದ್ದಿದ್ದರೆ "ಬಿಡೋ!", ಮರುಕ್ಷಣ "ಸರಿಯೋ!" ಅನ್ನುತ್ತೇನೆ. ಅಷ್ಟಕ್ಕೂ ಕದಲದಿದ್ದರೆ ಸೀಟಿ. ಹೆಗಲಿನ ಮೇಲಿನ ಟ್ಯಾಕಲ್‌ಗೆ ಮಾತ್ರ ಮಾತಿಲ್ಲ, ನೇರ ಶಿಕ್ಷೆ.

"ಸೀಟಿ ಹೊಡಿಲಿಲ್ಲಂದ್ರ ಹುಡುಗ್ರು ಬಡದಾಡ್ತಾರ್ರಿ ಸರ, ಬೇಕಾರ ನೋಡ್ರಿ" ಅಂದರು ನಮ್ಮ ಹಿರಿಯ ಪಿಇ ಮಾಸ್ತರರೊಬ್ಬರು. ಶುರುವಿನಲ್ಲಿ ಅವರ ಮಾತೇ ನಿಜವಾಗುವ ಹಾಗಿತ್ತು. ಎರಡು ತಂಡದವರೂ ನನ್ನ ಮೇಲೇ ಬಂದರು. ಪಂದ್ಯಕ್ಕೆ ಮುಂಚೆ ಇಬ್ಬರು ಕ್ಯಾಪ್ಟನ್‌ಗಳನ್ನೂ ಕರೆದು "ಬಿಡೋ", "ಸರಿಯೋ" ಅನ್ನುವ ಈ ಎರಡು ಮಾತು ಹೇಳಿಡಲು ಶುರು ಮಾಡಿದ ಮೇಲೆ ಗಲಾಟೆ ಇಳಿಯಿತು.

ತಪ್ಪಾದರೂ ಎದುರು ತಂಡಕ್ಕೆ ಲಾಭವಾಗುವ ಹಾಗಿದ್ದರೆ ಸೀಟಿ ಹೊಡೆಯದೆ ಆಟ ಬಿಡುವುದೇ ಅಡ್ವಾಂಟೇಜ್. ಅದಕ್ಕೆ ನಿಯಮದಲ್ಲಿ ಇಷ್ಟೇ ಸೆಕೆಂಡ್ ಅಂತ ಇಲ್ಲ, ರೆಫ್ರಿಯದ್ದೇ ತೀರ್ಮಾನ. ನಾಕ್-ಆನ್ (ಚೆಂಡು ಕೈಯಿಂದ ಮುಂದಕ್ಕೆ ಜಾರುವುದು) ಆದರೆ ಎರಡು ಒಳ್ಳೆ ಪಾಸ್, ಇಲ್ಲವೇ ಹತ್ತು ಮೀಟರ್ ಆಸುಪಾಸು ನೋಡುತ್ತೇನೆ. ಪೆನಾಲ್ಟಿಯಾದರೆ ಇನ್ನೂ ಉದ್ದ ಎಳೆಯುತ್ತೇನೆ. ಆಗ ಯಾರ ಮೇಲೆ ಕಣ್ಣಿಡುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಖರ್ಚಿನ ಮಾತು. ದಿನಕ್ಕೆ ಸಿಗುವುದು ಐನೂರು ಚಿಲ್ಲರೆ. ಸೇಡಂ, ಚಿತ್ತಾಪುರಕ್ಕೆ ಬಸ್ಸು, ಊಟ ಕಳೆದರೆ ಅರ್ಧ ಉಳಿದರೆ ಪುಣ್ಯ. ಬೇಸಿಗೆಯಲ್ಲಿ ಬಿರುಕುಬಿಟ್ಟ ಎರೆಮಣ್ಣು ಒಂದು ಜೊತೆ ಶೂ ತಿಂದುಹಾಕಿತು, ಅದು ಸಾವಿರದ ಮೇಲೆ.

ಮೈದಾನದ ಗೆರೆಗೆ ಸುಣ್ಣ ಹಾಕುವುದನ್ನೂ ಬಿಟ್ಟೆ. ಮುಖ ನೆಲಕ್ಕೆ ಬೀಳುವ ಆಟ ಇದು, ಸುಣ್ಣ ಕಣ್ಣಿಗೆ ಹೋದರೆ ಸುಟ್ಟೇ ಬಿಡುತ್ತದೆ. ಶಹಾಬಾದ್ ಪರಸಿ ಕಲ್ಲು ಕೊಯ್ಯುವ ಕಡೆಯಿಂದ ಪುಡಿ ತಂದು ಒಣಗಿಸಿ ಹಾಕಿದೆ. ಪುಕ್ಕಟೆ. ಸುಣ್ಣದಷ್ಟು ಬೆಳ್ಳಗಿಲ್ಲ, ಆದರೆ ಕಪ್ಪು ನೆಲದ ಮೇಲೆ ಚೆನ್ನಾಗೇ ಕಾಣುತ್ತದೆ. ಗಾಳಿ ಜೋರಿದ್ದ ದಿನ ಮಾತ್ರ ಮಧ್ಯಾಹ್ನದೊಳಗೆ ಮಾಯ. ನೀರಲ್ಲಿ ಕಲಸಿ ಸುರಿದು ನೋಡಿದೆ, ಹೆಪ್ಪುಗಟ್ಟಿ ಶೂಗೆ ಅಂಟಿತು. ಅದನ್ನು ಅಲ್ಲಿಗೇ ಬಿಟ್ಟೆ.

ಪಂದ್ಯದ ವೇಳೆ ಫೋನ್ ತೋಳಿಗೆ ಕಟ್ಟಿ ನನ್ನದೇ ದನಿ ರೆಕಾರ್ಡ್ ಮಾಡುತ್ತಿದ್ದೆ. ರಾತ್ರಿ ಕೂತು ಸೀಟಿ ಎಣಿಸುವುದು. ಮೊದಲು ಪಂದ್ಯಕ್ಕೆ ಇಪ್ಪತ್ತರ ಮೇಲಿತ್ತು, ಈಗ ಏಳೆಂಟು. ಜಿಲ್ಲೆಯಲ್ಲಿ ಇಷ್ಟು ಕಡಿಮೆ ಬೇರೆ ಯಾರದ್ದಾದರೂ ಇದ್ದರೆ ತೋರಿಸಲಿ. ಈ ಸಲದ ಫೈನಲ್‌ಗೆ ಆ ಹಿರಿಯ ಮಾಸ್ತರರೇ ಫೋನ್ ಮಾಡಿ ನನ್ನನ್ನು ಕರೆದರು. ಫೀಸು ಮಾತ್ರ ಅದೇ ಐನೂರು.