ಕುಟ್ಟೆ ಹಿಡಿದ ಕಾಳು ಕೇರಿದರೆ ಸಾಲದು

ಕುಟ್ಟೆ ಹಿಡಿದ ಹೆಸರುಕಾಳನ್ನು ಮೊರದಲ್ಲಿ ನಾಲ್ಕು ಸಲ ಕೇರಿ, ಹುಳ ಹೋಯಿತು ಅಂತ ನೆನೆಹಾಕುವವರನ್ನು ಕಂಡರೆ ಮೈ ಉರಿಯುತ್ತೆ. ಹಾರಿಹೋದದ್ದು ರೆಕ್ಕೆ ಬಂದ ಹುಳ. ಅದು ಕಾಳು ತಿನ್ನುವುದೇ ಇಲ್ಲ, ಮೊಟ್ಟೆ ಇಟ್ಟು ಸಾಯುತ್ತೆ. ಕಾಳಿನ ಮೇಲೆ ಸುಣ್ಣ ಸಿಡಿದ ಹಾಗೆ ಬಿಳಿ ಚುಕ್ಕೆ ಅಂಟಿರುತ್ತಲ್ಲ, ಅದೇ ಮೊಟ್ಟೆ. ಅದರ ಅಡಿಯಿಂದಲೇ ಮರಿ ಒಳಕ್ಕೆ ಕೊರೆದು, ಬೇಳೆ ತಿಂದು, ಸೆಕೆಗಾಲದಲ್ಲಾದರೆ ತಿಂಗಳೊಳಗೆ ದುಂಡಗೆ ಕಿಂಡಿ ಮಾಡಿಕೊಂಡು ಆಚೆ ಬರುತ್ತೆ. ನಿಮಗೆ ತೂತು ಕಾಣುವಷ್ಟರಲ್ಲಿ ಅದರ ಊಟ ಮುಗಿದಿರುತ್ತೆ.

ಹಿಟ್ಟಿನಂಶ, ಒಳ್ಳೇ ಪ್ರೋಟೀನು, ಬಿ1 ಜೀವಸತ್ವ ಎಲ್ಲ ಇಳಿಯುತ್ತೆ. ಉಳಿಯುವುದು ಹಿಕ್ಕೆ, ಕಳಚಿದ ಪೊರೆ, ಯೂರಿಕ್ ಆಮ್ಲ. ಸಾರಜನಕ ಅಳೆದು ಪ್ರೋಟೀನು ಲೆಕ್ಕ ಹಾಕಿದರೆ ಹುಳುಕಲು ಕಾಳಲ್ಲೇ ಹೆಚ್ಚು ಬರುವುದೂ ಉಂಟು, ಹಿಕ್ಕೆಯದೂ ಸೇರುತ್ತಲ್ಲ! ಅದೇನು ಮೈಗೆ ಹತ್ತುವುದೇ? ಸಾರು ಕಹಿಯಾಗುತ್ತೆ ಅಷ್ಟೆ. ಮೊಳಕೆಯ ಕಣ್ಣೇ ತಿಂದುಹೋಗಿದ್ದರೆ ಆ ಕಾಳು ಬಟ್ಟೆಯಲ್ಲಿ ಲೋಳೆಗಟ್ಟಿ ಪಕ್ಕದ್ದನ್ನೂ ಕೆಡಿಸುತ್ತೆ. ನೀರಿಗೆ ಹಾಕಿ, ತೇಲಿದ್ದನ್ನು ಚೆಲ್ಲಿ. ಆದರೆ ಮರಿ ಈಗಷ್ಟೇ ಹೊಕ್ಕ ಕಾಳು ಮುಳುಗಿಯೇ ಇರುತ್ತೆ, ನೆನಪಿರಲಿ.

ಹುಳ ಬರುವ ಮೊದಲೇ ಹರಳೆಣ್ಣೆ ಸವರಬೇಕು. ಹೆಸರು, ಅಲಸಂದೆ, ತೊಗರಿ, ಇಡೀ ಕಾಳು ಯಾವುದಾದರೂ ಸರಿ. ಮೊದಲು ಎರಡು ಮೂರು ಬಿಸಿಲು ಕಾಣಿಸಿ. ಹಲ್ಲಿಗಿಟ್ಟು ಕಡಿದರೆ ಕಟ್ಟನೆ ಒಡೆಯಬೇಕು, ಅಮುಕಿದ ಹಾಗಾದರೆ ಇನ್ನೊಂದು ಬಿಸಿಲು. ಒಣಗಿದ್ದನ್ನು ಬಿಸಿಬಿಸಿ ಡಬ್ಬಿಗೆ ತುಂಬುವ ಆತುರ ಎಲ್ಲರಿಗೂ. ಒಳಗೆ ಬೆವರಿ ಬೂಷ್ಟು ಬರುತ್ತೆ, ರಾತ್ರಿ ನೆರಳಲ್ಲಿ ಆರಲಿ. ಎಣ್ಣೆ ಒಂದು ಕೆ.ಜಿ.ಗೆ ಒಂದು ಚಿಕ್ಕ ಚಮಚ, ಅಂದರೆ 5 ಮಿ.ಲೀ. ನೇರ ಸುರಿಯಬೇಡಿ, ಒಂದೇ ಕಡೆ ಉಂಡೆಗಟ್ಟುತ್ತೆ. ಅಂಗೈಗೆ ಸವರಿಕೊಂಡು, ಎರಡು ಬೊಗಸೆ ಕಾಳನ್ನು ಕೈಗಳ ನಡುವೆ ಉಜ್ಜಿ ಪಕ್ಕಕ್ಕೆ ತೆಗೆದು, ಮತ್ತೆ ಎರಡು ಬೊಗಸೆ. ಕಾಳು ಮಿಂಚಬೇಕು, ಕೈಗೆ ಅಂಟಬಾರದು. ಮೊಟ್ಟೆ ಕಾಳಿಗೆ ಸರಿಯಾಗಿ ಕಚ್ಚಿಕೊಳ್ಳಲ್ಲ, ಕಚ್ಚಿದರೂ ಎಣ್ಣೆಯಲ್ಲಿ ಉಸಿರುಗಟ್ಟುತ್ತೆ. ಅಡುಗೆಗೆ ಮುಂಚೆ ಬಿಸಿನೀರಲ್ಲಿ ಚೆನ್ನಾಗಿ ತೊಳೆಯಿರಿ. ಒಳಗೆ ಹೊಕ್ಕ ಮರಿಗೆ ಮಾತ್ರ ಇದನ್ನು ನಂಬಿ ಕೂರಬೇಡಿ. ಸ್ವಲ್ಪ ಕಾಳಾದರೆ ಫ್ರೀಜರಿನಲ್ಲಿ ಒಂದು ವಾರ ಇಡಿ.

ಕಾಳು ಕೂಡಿಡುವ ದೊಡ್ಡ ಮಣ್ಣಿನ ವಾಡೆ ತುಂಬುತ್ತಿದ್ದ ಕಾಲದಲ್ಲಿ ತೊಗರಿಗೆ ಕೆಮ್ಮಣ್ಣು ಕಲಸಿ ಒಣಗಿಸಿಡುತ್ತಿದ್ದರು. ಈಗಿನ ಫ್ಲ್ಯಾಟುಗಳಲ್ಲಿ ಕೆಮ್ಮಣ್ಣು ಎಲ್ಲಿ ತರುತ್ತೀರಿ! ಬಿಸಿಲು ಅಂದೆ ಅಂತ ಅಕ್ಕಿಯನ್ನೂ ತಾರಸಿಗೆ ಒಯ್ಯಬೇಡಿ, ಬಿರುಕು ಬಿಟ್ಟು ಅನ್ನ ನುಚ್ಚಾಗುತ್ತೆ.

ಹಳೇ ಕಾಳಿನ ಮೇಲೆ ಹೊಸದನ್ನು ಸುರಿಯುವುದಂತೂ ಬೇಡವೇ ಬೇಡ. ಡಬ್ಬಿ ಬೋರಲು ಹಾಕಿ ತಟ್ಟಿ, ಅಂಚಿನ ಸಂದಿನಲ್ಲಿ ಕೂತ ಪುಡಿಯನ್ನು ಕಡ್ಡಿಯಿಂದ ಕೆದಕಿ ತೆಗೆಯಿರಿ, ತೊಳೆದು ಒಣಗಿಸಿ, ಆಮೇಲೆ ತುಂಬಿ.