ಎರಡು ರೆಸಿಸ್ಟರ್ ಇಟ್ಟು ಅಳೆದರೆ ಮೂರು ವೋಲ್ಟ್ ಮಾಯ!

ನಾವಿರುವುದು ಡೊಂಬಿವಲಿಯಲ್ಲಿ. ಅಕ್ಕನ ಮಗಳು ಹತ್ತನೇ ಕ್ಲಾಸು. ಸೀರೀಸ್ ಸರ್ಕ್ಯೂಟಿನ ಲೆಕ್ಕ ಹಿಡಿದು ಬಂದಳು. ಬಾಯಲ್ಲಿ ಹೇಳುವ ಬದಲು ಮಾಡಿಯೇ ತೋರಿಸೋಣ ಅಂತ ಶನಿವಾರ ದಾದರ್‌ನಲ್ಲಿ ಗಾಡಿ ಬದಲಿಸಿ, ಗ್ರ್ಯಾಂಟ್ ರೋಡಿನಲ್ಲಿ ಇಳಿದು, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಿಂದ ಒಂದಷ್ಟು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ) ಮತ್ತು ವೋಲ್ಟ್ ಅಳೆಯಲು ಒಂದು ಅಗ್ಗದ ಹಳದಿ ಮಲ್ಟಿಮೀಟರ್ ತಂದೆ.

1 ಕಿಲೋ ಓಮ್, 2.2 ಕಿಲೋ, 4.7 ಕಿಲೋ, ಮೂರನ್ನೂ ಒಂದರ ಬಾಲಕ್ಕೆ ಒಂದು ಜೋಡಿಸಿ 9 ವೋಲ್ಟಿನ ಬ್ಯಾಟರಿ ಹಾಕಿದೆವು. ಕೂಡಿದರೆ 7.9 ಕಿಲೋ. 9ನ್ನು ಅದರಿಂದ ಭಾಗಿಸಿದರೆ ಕರೆಂಟ್ 1.14. ಅವಳು ಆಂಪಿಯರ್ ಅಂತ ಬರೆದಳು, ಅಲ್ಲ, ಕಿಲೋ ಓಮಿನಿಂದ ಭಾಗಿಸಿದ್ದಕ್ಕೆ ಮಿಲಿಆಂಪಿಯರ್. ಇಲ್ಲೇ ಎಲ್ಲರೂ ಎಡವೋದು. ಕರೆಂಟ್ ಮೂರರಲ್ಲೂ ಒಂದೇ, ಹಾಗಾಗಿ ಒಂದೊಂದು ರೆಸಿಸ್ಟರಿನಿಂದ ಗುಣಿಸುತ್ತಾ ಹೋದರೆ ಸಾಕು: 1.14, 2.51, 5.35 ವೋಲ್ಟ್.

ಮೀಟರ್ ಇಟ್ಟರೆ ಮೂರೂ ಸ್ವಲ್ಪ ಕಮ್ಮಿ. ಬ್ಯಾಟರಿಯನ್ನೇ ಅಳೆದೆ, 8.6 ಇತ್ತು. ಸರಿ, ಮೇಲೆ 9 ಅಂತ ಅಚ್ಚಾಗಿದ್ದರೆ ಒಳಗೆ 9 ಇರಬೇಕು ಅಂತೇನಿಲ್ಲವಲ್ಲ. 8.6 ಇಟ್ಟು ಮತ್ತೆ ಲೆಕ್ಕ ಹಾಕಿದ ಮೇಲೆ ಹೆಚ್ಚುಕಮ್ಮಿ ಕೂಡಿಬಂತು. ರೆಸಿಸ್ಟರಿನ ಚಿನ್ನದ ಪಟ್ಟಿ ಅಂದರೆ 5% ಆಚೀಚೆ, ಅಷ್ಟು ಬಿಟ್ಟುಕೊಡಬೇಕು.

ಆಮೇಲೆ ಸುಮ್ನೆ ಇರದೆ 1 ಮೆಗಾ ಓಮಿನ ಎರಡನ್ನು ಜೋಡಿಸಿದೆ. ಸಮಸಮ, ತಲಾ 4.3 ಬರಬೇಕು ಅಲ್ವಾ? ಬಂದದ್ದು 2.87. ಇನ್ನೊಂದಕ್ಕೂ 2.87. "ಮಾಮಾ, ಉಳಿದ ಮೂರು ವೋಲ್ಟ್ ಯಾರು ತಿಂದರು?" ನನಗೂ ತಲೆ ಕೆಟ್ಟಿತು. ತಂತಿ ಬದಲಿಸಿದೆ, ಹೊಸ ರೆಸಿಸ್ಟರ್ ಹಾಕಿದೆ, ಅರ್ಧ ಗಂಟೆ ಹೋಯಿತು.

ಕಳ್ಳ ಕೈಯಲ್ಲೇ ಇದ್ದ. ಈ ಮೀಟರಿನ ಒಳಗೂ ಸುಮಾರು 1 ಮೆಗಾ ಓಮ್ ರೆಸಿಸ್ಟೆನ್ಸ್ ಇರುತ್ತದೆ. ಮೀಟರಿನ ತಂತಿಯ ಮೊನೆ ತಾಗಿಸಿದ ಕೂಡಲೇ ಅದು ನಮ್ಮ ರೆಸಿಸ್ಟರಿಗೆ ಪ್ಯಾರಲಲ್ ಆಗಿ, ಅಂದರೆ ಕರೆಂಟಿಗೆ ಪಕ್ಕದ ಇನ್ನೊಂದು ದಾರಿಯಾಗಿ ನಿಂತು, 1 ಮೆಗಾ ಇದ್ದದ್ದು ಅರ್ಧ ಮೆಗಾ ಆಗಿಬಿಡುತ್ತದೆ. ಇನ್ನೊಂದರ 1 ಮೆಗಾ ಸೇರಿ ಒಟ್ಟು ಒಂದೂವರೆ ಮೆಗಾ, ಅದರಲ್ಲಿ ಇದರ ಪಾಲು ಅರ್ಧ ಮೆಗಾ, ಅಂದರೆ 8.6ರ ಮೂರನೇ ಒಂದು ಭಾಗ. ಮೊದಲಿನ ಕಿಲೋ ಓಮ್‌ಗಳ ಎದುರು ಮೀಟರ್ ಬಹಳ ದೊಡ್ಡದು, ಅದಕ್ಕೇ ಅಲ್ಲಿ ಗೊತ್ತೇ ಆಗಿರಲಿಲ್ಲ.

ಪಕ್ಕದ ಬಿಲ್ಡಿಂಗಿನ ಟಿವಿ ರಿಪೇರಿಯವರ ಹತ್ತಿರ ಒಳಗೆ 10 ಮೆಗಾ ಓಮ್ ಇರುವ ಮೀಟರ್ ಇತ್ತು. ಕೇಳಿ ತಂದು ಇಟ್ಟೆ: 4.1. ಉಳಿದ 0.2 ಎಲ್ಲಿ ಹೋಯಿತು ಅಂತ ಈ ಸಲ ಅವಳೇ ಲೆಕ್ಕ ಹಾಕಿದಳು.