ಮಿಡ್‌ವೇ ಯುದ್ಧನ ಮಕ್ಕಳಿಗೆ ಕಾಫಿ ಕಣದಲ್ಲೇ ತೋರಿಸೋದು ಹೇಗೆ

ಕೊಡಗಲ್ಲಿ ಮಿಲಿಟ್ರಿ ಕಥೆ ಕೇಳದೆ ಬೆಳೆದ ಮಕ್ಕಳು ಕಮ್ಮಿ, ಆದ್ರೆ ನೇವಿ ಅಂದ್ರೆ ಕಣ್ಣು ಕಣ್ಣು ಬಿಡ್ತಾವೆ, ಸಮುದ್ರನೇ ಇಲ್ವಲ್ಲ ನಮ್ಗೆ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಹತ್ರ ಜಪಾನು, ಅಮೆರಿಕ ಹಡಗು-ವಿಮಾನ ಇಟ್ಕೊಂಡು ಕಾದಾಡಿದ್ವಲ್ಲ, ಅದನ್ನ ಕ್ರಿಸ್‌ಮಸ್ ರಜೆಲಿ ತಂಗಿ ಮಕ್ಕಳಿಗೆ ನಾನು ತೋರಿಸಿದ್ದು ಹೀಗೆ.

7 ಅಡಿಕೆ, ಒಂದು ಹಿಡಿ ಒಳ್ಳೆಮೆಣಸು, ಒಂದು ತೆಂಗಿನ ಚಿಪ್ಪು, ಒಂದು ಸ್ಟೂಲು ಸಾಕು. ಸಾಯಂಕಾಲ ಕಾಫಿ ರಾಶಿ ಮಾಡಿ ಟಾರ್ಪಲ್ ಮುಚ್ಚಿದ್ಮೇಲೆ ಕಣ ಖಾಲಿ ಇರುತ್ತಲ್ಲ, ಅದೇ ಪೆಸಿಫಿಕ್ ಸಾಗರ. ಚಿಪ್ಪು ಕವುಚಿ ಇಟ್ರೆ ಮಿಡ್‌ವೇ ದ್ವೀಪ. ಅದರ ವಾಯವ್ಯಕ್ಕೆ 4 ಅಡಿಕೆ, ಜಪಾನಿನ ವಿಮಾನ ಹೊತ್ತ ಹಡಗುಗಳು: ಅಕಾಗಿ, ಕಾಗಾ, ಸೋರ್ಯು, ಹಿರ್ಯು. ಈಶಾನ್ಯಕ್ಕೆ 3, ಅಮೆರಿಕದ ಎಂಟರ್‌ಪ್ರೈಸ್, ಹಾರ್ನೆಟ್, ಯಾರ್ಕ್‌ಟೌನ್. ಯಾರ್ಕ್‌ಟೌನ್ ಅಡಿಕೆಗೆ ಕತ್ತೀಲಿ ಒಂದು ಗೀರು ಎಳೀರಿ, ಹಿಂದಿನ ತಿಂಗಳಷ್ಟೇ ಬಾಂಬ್ ತಿಂದು ಬಂದಿದ್ದ ಹಡಗದು, ಪರ್ಲ್ ಹಾರ್ಬರಲ್ಲಿ ಸುಮಾರು 3 ದಿನದಲ್ಲಿ ತೇಪೆ ಹಾಕಿ ಕಳಿಸಿದ್ರು.

1942 ಜೂನ್ 4 ಅಂತ ತಾರೀಕಿಂದ ಶುರು ಮಾಡ್ಲೇಬೇಡಿ, ಆಕಳಿಸ್ತಾವೆ. ನೀರಿಂದ ಶುರು ಮಾಡಿ. ಜಪಾನಿನ ಗುಪ್ತ ಸಂದೇಶದಲ್ಲಿ ‘ಎಎಫ್’ ಮೇಲೆ ದಾಳಿ ಅಂತ ಇತ್ತು, ಎಎಫ್ ಅಂದ್ರೆ ಯಾವ್ದು ಅಂತ ಪಕ್ಕಾ ಮಾಡ್ಕೊಳ್ಳೋಕೆ ಅಮೆರಿಕದವ್ರು ‘ಮಿಡ್‌ವೇಲಿ ಕುಡಿಯೋ ನೀರಿನ ಯಂತ್ರ ಕೆಟ್ಟಿದೆ’ ಅಂತ ಎಲ್ರಿಗೂ ಕೇಳೋ ಹಾಗೆ ರೇಡಿಯೋಲಿ ಸುಳ್ಳು ಬಿಟ್ರು, ಸ್ವಲ್ಪದ್ರಲ್ಲೇ ಜಪಾನಿನವ್ರು ‘ಎಎಫ್‌ನಲ್ಲಿ ನೀರಿಲ್ಲ’ ಅಂತ ತಮ್ಮವ್ರಿಗೆ ಸಂದೇಶ ಕಳಿಸಿ ಸಿಕ್ಕಿಬಿದ್ರು! ಮೋಟಾರ್ ಕೆಟ್ಟು ಕೊಡ ಹೊತ್ತ ಮಕ್ಕಳಿಗೆ ಇದು ತಕ್ಷಣ ತಲೆಗೆ ಹೋಗುತ್ತೆ.

ಈಗ ಆಟ. ಒಬ್ಬರ ಕೈಲಿ 15 ಮೆಣಸು ಕೊಟ್ಟು ನೆಲಕ್ಕೆ ತಾಗಿಸ್ಕೊಂಡೇ ಜಪಾನಿನ ಅಡಿಕೆ ಕಡೆ ಉರುಳ್ಸೋಕೆ ಹೇಳಿ. ಹಾರ್ನೆಟ್‌ನ ಟಾರ್ಪಿಡೋ (ನೀರೊಳಗೆ ಹೋಗಿ ಹಡಗಿಗೆ ಬಡಿಯೋ ಬಾಂಬ್) ವಿಮಾನಗಳು ಅವು, ನೀರಿನ ಮಟ್ಟದಲ್ಲೇ ಹಾರಿ ಹೋದ್ವು, 15ರಲ್ಲಿ ಒಂದೂ ವಾಪಸ್ ಬರ್ಲಿಲ್ಲ, 30 ಜನದಲ್ಲಿ ಉಳಿದಿದ್ದು ಒಬ್ನೇ. ಇಲ್ಲಿ ಸ್ವಲ್ಪ ನಿಧಾನ ಮಾಡಿ. ಕೆಲವ್ರು ಇದನ್ನ ಹಾರಿಸಿ ‘ಅಮೆರಿಕಕ್ಕೆ ಲಕ್ಕು’ ಅಂತ ಮುಗಿಸಿಬಿಡ್ತಾರೆ, ನಂಗೆ ಅದು ಒಪ್ಪಿಗೆ ಇಲ್ಲ. ಇಂಥ ದಾಳಿಗಳನ್ನ ತಡೆಯೋಕೆ ಜಪಾನಿನ ಫೈಟರ್‌ಗಳು ಕೆಳಗೆ ಇಳಿದಿದ್ದಾಗ್ಲೇ ಮೇಲಿಂದ ಅಮೆರಿಕದ ಡೈವ್ ಬಾಂಬರ್‌ಗಳು, ಅಂದ್ರೆ ಎತ್ತರದಿಂದ ಧುಮುಕಿ ಬಾಂಬ್ ಹಾಕೋ ವಿಮಾನಗಳು, ಬಂದಿದ್ದು. ಇನ್ನೊಂದು ಮಗುನ ಸ್ಟೂಲ್ ಹತ್ತಿಸಿ ಅಲ್ಲಿಂದ ಮೆಣಸು ಹಾಕ್ಸಿ. ಅಕಾಗಿ, ಕಾಗಾ, ಸೋರ್ಯು ಮೂರೂ ಕೆಲವೇ ನಿಮಿಷದಲ್ಲಿ ಹೊತ್ಕೊಂಡ್ವು. ಹಿರ್ಯು ಸಾಯಂಕಾಲದವರೆಗೂ ಉಳ್ಕೊಂಡು ಅಷ್ಟ್ರಲ್ಲಿ ಯಾರ್ಕ್‌ಟೌನ್‌ನ ಹೊಡೆದಿತ್ತು, ಆ ಗೀರು ಬಿದ್ದ ಅಡಿಕೆ 7ನೇ ತಾರೀಕು ಮುಳುಗ್ತು.

ಕೊನೆಗೆ ಮೆಣಸೆಲ್ಲ ಎಣಿಸಿ ಆರಿಸ್ಕೊಳ್ಳಿ, ಕಾಫಿ ಜೊತೆ ಸೇರಿದ್ರೆ ವಾಸನೆ ಹಿಡಿಯುತ್ತೆ, ಅಮ್ಮನ ಹತ್ರ ಬೈಗುಳ ತಿಂದಿದ್ದು ನಾನು, ಮಕ್ಕಳಲ್ಲ.